ಹಳೆಯ ಮಿನಿ ಕಾರಿನ ಹಿಂದಿನ ಚಕ್ರಗಳನ್ನು ನೇರಕ್ಕೆ ತರುವುದು: ರೇಡಿಯಸ್ ಆರ್ಮ್ ದುರಸ್ತಿಯಿಂದ ಅಡ್ಜಸ್ಟಬಲ್ ಬ್ರ್ಯಾಕೆಟ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದ ಗ್ಯಾರೇಜುಗಳನ್ನು ಕಂಡವರಿಗೆ ವೀಲ್ ಅಲೈನ್‌ಮೆಂಟ್ ಎಂದರೆ ಮುಂದಿನ ಎರಡು ಚಕ್ರಗಳ ವಿಷಯ. ಆ ಕಾರುಗಳಲ್ಲಿ ಹಿಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಆಕ್ಸಲ್ ಕವಚಕ್ಕೆ ಸೇರಿದ್ದು, ಆ ಕವಚ ಕಮಾನುಪಟ್ಟಿಗಳ ಮೇಲೆ ಕುಳಿತಿರುತ್ತಿತ್ತು. ಹೀಗಾಗಿ ಆಕ್ಸಲ್ಲೇ ಬಾಗಿದ ಹೊರತು ಹಿಂದಿನ ಚಕ್ರಗಳು ಒಂದಕ್ಕೊಂದು ಓರೆಯಾಗುತ್ತಿರಲಿಲ್ಲ, ಹೊಂದಿಸಲು ಅಲ್ಲಿ ಏನೂ ಇರುತ್ತಿರಲಿಲ್ಲ. ಇಂಗ್ಲೆಂಡಿಗೆ ಬಂದು 1978ರ ಮಿನಿ ಎಂಬ ಪುಟ್ಟ ಬ್ರಿಟಿಷ್ ಕಾರೊಂದನ್ನು ಕೊಂಡ ನಾನೂ ಅದೇ ಅಭ್ಯಾಸದಲ್ಲಿದ್ದೆ. ಹಿಂದಿನ ಎಡ ಟೈರಿನ ಒಳ ಅಂಚು ಮಾತ್ರ ಬೋಳಾಗುತ್ತಾ ಬಂದಾಗ ಟೈರನ್ನೇ ಬೈದು ಬದಲಾಯಿಸಿದೆ. ಎರಡನೆಯ ಟೈರೂ ಅದೇ ಜಾಗದಲ್ಲಿ ಸವೆದ ಮೇಲೆಯೇ ಕಾರಿನ ಅಡಿಗೆ ತೂರಿ ನೋಡಿದ್ದು.

ಮಿನಿಯ ಹಿಂದಿನ ಸಸ್ಪೆನ್ಷನ್ ಸರಳವಾದದ್ದು, ಮನೆಯಂಗಳದಲ್ಲೇ ಬಿಚ್ಚಿ ಜೋಡಿಸಬಹುದಾದದ್ದು. ಆದರೆ ಕೆಲಸದ ಅನುಕ್ರಮ ತಪ್ಪಿದರೆ ಖರ್ಚು ಮಾಡಿದ ಹಣವೆಲ್ಲ ಕೆಲವೇ ವಾರಗಳಲ್ಲಿ ಸವೆದುಹೋಗುತ್ತದೆ. ಚಕ್ರದ ಕೋನ ಹೊಂದಿಸಲು ಬಳಸುವ ಅಡ್ಜಸ್ಟಬಲ್ ಬ್ರ್ಯಾಕೆಟ್ ಎಂಬ ಬಿಡಿಭಾಗ ಸುಲಭವಾಗಿ ಸಿಗುವುದರಿಂದ ಹೆಚ್ಚಿನವರು ಅದರಿಂದಲೇ ಆರಂಭಿಸುತ್ತಾರೆ. ಅದು ಕೊನೆಯಲ್ಲಿ ಬರಬೇಕಾದ ಭಾಗ. ಸವೆದ ಬೇರಿಂಗಿನ ಸಡಿಲವನ್ನು ಯಾವ ಬ್ರ್ಯಾಕೆಟ್ಟೂ ಮುಚ್ಚಿಹಾಕಲಾರದು.

ಹಿಂಬದಿಯ ರಚನೆ

1959ರ ಆಗಸ್ಟ್ 26ರಂದು ಬಿಡುಗಡೆಯಾಗಿ 2000ದ ಅಕ್ಟೋಬರ್‌ವರೆಗೂ ತಯಾರಾದ ಈ ಕಾರಿನಲ್ಲಿ ವಿನ್ಯಾಸಕ ಅಲೆಕ್ ಇಸಿಗೋನಿಸ್ ಜಾಗ ಉಳಿಸುವುದನ್ನೇ ಮುಖ್ಯ ಗುರಿಯಾಗಿಸಿಕೊಂಡಿದ್ದರು. ಲೋಹದ ಸುರುಳಿ ಸ್ಪ್ರಿಂಗಿನ ಬದಲು ಅಲೆಕ್ಸ್ ಮೋಲ್ಟನ್ ರೂಪಿಸಿದ ರಬ್ಬರ್ ಸ್ಪ್ರಿಂಗ್ ಬಂದದ್ದು ಅದಕ್ಕಾಗಿಯೇ. ಹಿಂಭಾಗದಲ್ಲಿ ಒಂದು ಉಕ್ಕಿನ ಸಬ್‌ಫ್ರೇಮ್, ಅಂದರೆ ಸಸ್ಪೆನ್ಷನ್ ಭಾಗಗಳನ್ನು ಹೊರುವ ಚೌಕಟ್ಟು, ಇದೆ. ಅದರ ಎರಡೂ ಬದಿಗೆ ಚಕ್ರವನ್ನು ಹೊರುವ ಒಂದೊಂದು ತೋಳು, ಅಂದರೆ ರೇಡಿಯಸ್ ಆರ್ಮ್, ಇದ್ದು, ಪ್ರತಿಯೊಂದೂ ಕಾರಿನ ಅಡ್ಡಕ್ಕೆ ಇರುವ ಒಂದು ಶಾಫ್ಟಿನ ಮೇಲೆ ಬಾಗಿಲಿನ ಹಾಗೆ ತಿರುಗುತ್ತದೆ. ಶಾಫ್ಟಿನ ಒಳತುದಿ ಸಬ್‌ಫ್ರೇಮಿನಲ್ಲೇ ಕೂರುತ್ತದೆ. ಹೊರತುದಿಯನ್ನು ಸಬ್‌ಫ್ರೇಮಿಗೆ ಬೋಲ್ಟ್ ಮಾಡಿದ ಒಂದು ಚಿಕ್ಕ ಬ್ರ್ಯಾಕೆಟ್ ಹಿಡಿದಿರುತ್ತದೆ. ಆರ್ಮಿನ ಒಳಗೆ ಒಂದು ತುದಿಯಲ್ಲಿ ಸೂಜಿ ರೋಲರ್ ಬೇರಿಂಗ್, ಇನ್ನೊಂದು ತುದಿಯಲ್ಲಿ ಕಂಚಿನ ಬುಷ್ ಇರುತ್ತದೆ. ಗ್ರೀಸ್ ಹೊಡೆಯುವ ನಿಪ್ಪಲ್ ಶಾಫ್ಟಿನ ಹೊರತುದಿಯಲ್ಲಿದೆ.

ಚಕ್ರದ ಕೋನಗಳೆಲ್ಲ ಈ ಒಂದು ಶಾಫ್ಟ್ ಯಾವ ದಿಕ್ಕಿಗೆ ನಿಂತಿದೆ ಎಂಬುದನ್ನು ಅವಲಂಬಿಸಿವೆ. ಅದರ ಹೊರತುದಿಯನ್ನು ಮೇಲಕ್ಕೆ ಎತ್ತಿದರೆ ಚಕ್ರದ ತಲೆ ಕಾರಿನ ಒಳಗೆ ವಾಲುತ್ತದೆ, ಅಂದರೆ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿ ನಿಂತ ಕೋನ) ನೆಗೆಟಿವ್ ಕಡೆಗೆ ಹೋಗುತ್ತದೆ. ಕೆಳಗಿಳಿಸಿದರೆ ಪಾಸಿಟಿವ್ ಕಡೆಗೆ ಬರುತ್ತದೆ. ಹೊರತುದಿಯನ್ನು ಮುಂದಕ್ಕೆ ಸರಿಸಿದರೆ ಚಕ್ರದ ಮುಂಭಾಗ ಒಳಕ್ಕೆ ತಿರುಗಿ ಟೋ-ಇನ್ ಹೆಚ್ಚುತ್ತದೆ, ಹಿಂದಕ್ಕೆ ಸರಿಸಿದರೆ ಟೋ-ಔಟ್. ಕೆಲಸದ ಕೊನೆಯವರೆಗೂ ಬೇಕಾಗುವ ಈ ನಾಲ್ಕು ಚಲನೆಗಳನ್ನು ಒಂದು ಕಾಗದದಲ್ಲಿ ಬರೆದು ಕಾರಿನ ಬದಿಗೆ ಅಂಟಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕಾರಿನ ಅಡಿಯಲ್ಲಿ ಅಂಗಾತ ಮಲಗಿದಾಗ ಎಡ ಬಲ, ಹಿಂದು ಮುಂದು ಎಲ್ಲವೂ ಅದಲುಬದಲಾಗುತ್ತವೆ.

ಆರ್ಮುಗಳ ಶಾಫ್ಟ್ ಕಾರಿನ ಅಡ್ಡಕ್ಕೇ ಇರುವುದರಿಂದ ಚಕ್ರ ಹಳ್ಳಕ್ಕೆ ಇಳಿದು ಏರುವಾಗ ಕ್ಯಾಂಬರ್ ಬಹುತೇಕ ಬದಲಾಗುವುದಿಲ್ಲ. ಆದರೆ ತಿರುವಿನಲ್ಲಿ ದೇಹ ವಾಲಿದರೆ ಚಕ್ರವೂ ಅಷ್ಟೇ ವಾಲುತ್ತದೆ, ಮತ್ತು ಭಾರ ಹೊತ್ತ ಹೊರಬದಿಯ ಚಕ್ರ ರಸ್ತೆಗೆ ಪಾಸಿಟಿವ್ ಆಗಿ ನಿಲ್ಲುತ್ತದೆ. ಕಾರ್ಖಾನೆಯ ಕೈಪಿಡಿ ಹಿಂದಿನ ಚಕ್ರಗಳಿಗೆ ಸುಮಾರು 1 ಡಿಗ್ರಿ ಪಾಸಿಟಿವ್ ಕ್ಯಾಂಬರನ್ನೂ, ಎರಡೂ ಚಕ್ರ ಸೇರಿ 1/8 ಇಂಚು, ಅಂದರೆ 3.2 ಮಿ.ಮೀ. ಟೋ-ಇನ್ ಅನ್ನೂ ಹೇಳುತ್ತದೆ. ಇಂದಿನ ಅಗಲ ಟೈರುಗಳಿಗೆ ಆ ಪಾಸಿಟಿವ್ ಕ್ಯಾಂಬರ್ ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ದಿನಬಳಕೆಯ ಕಾರಿಗೆ ಸೊನ್ನೆಯಿಂದ ಅರ್ಧ ಡಿಗ್ರಿ ನೆಗೆಟಿವ್‌ವರೆಗೆ ಸಾಕು. ಟೋ-ಇನ್ ಮಾತ್ರ ಕಾರ್ಖಾನೆ ಹೇಳಿದಷ್ಟೇ ಇರಲಿ.

ಬಿಡಿಭಾಗ ಕೊಳ್ಳುವ ಮೊದಲು ತಪಾಸಣೆ

ಮುಂದಿನ ಚಕ್ರಗಳಿಗೆ ಎರಡೂ ಕಡೆ ದಿಮ್ಮಿ ಕೊಟ್ಟು, ಗೇರ್ ಹಾಕಿ, ಹಿಂಭಾಗವನ್ನು ಜಾಕ್‌ನಿಂದ ಎತ್ತಿ ಆಕ್ಸಲ್ ಸ್ಟ್ಯಾಂಡುಗಳ ಮೇಲೆ ಇಳಿಸಬೇಕು. ಮಿನಿಯ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುವುದರಿಂದ ಅವುಗಳನ್ನು ಎತ್ತಿದ ಕ್ಷಣದಿಂದ ಅದನ್ನು ನಂಬುವಂತಿಲ್ಲ. ಜಾಕ್ ಒಂದರ ಮೇಲೆಯೇ ನಿಂತಿರುವ ಕಾರಿನ ಅಡಿಗೆ ಕೈಯನ್ನೂ ಹಾಕಬಾರದು.

ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಾಡಿಸಿದಾಗ ಪ್ಲೇ, ಅಂದರೆ ಸಡಿಲ, ಕಂಡರೆ ಅದು ಚಕ್ರದ ಬೇರಿಂಗಿನದ್ದಾಗಿರಬಹುದು, ರೇಡಿಯಸ್ ಆರ್ಮಿನದ್ದೂ ಆಗಿರಬಹುದು. ಇನ್ನೊಬ್ಬರು ಚಕ್ರ ಅಲುಗಿಸುತ್ತಿರುವಾಗ ನೀವು ಆರ್ಮು ಮತ್ತು ಬ್ರ್ಯಾಕೆಟ್ ಸೇರುವ ಜಾಗದ ಮೇಲೆ ಬೆರಳಿಟ್ಟು ನೋಡಿರಿ. ಅಲ್ಲಿ ಆರ್ಮು ಶಾಫ್ಟಿನ ಮೇಲೆ ಏರಿಳಿಯುವುದು ಬೆರಳಿಗೆ ತಿಳಿದರೆ ಬೇರಿಂಗ್ ಹೋಗಿದೆ. ಆರ್ಮು ಅಲುಗದೆ ಡ್ರಮ್ ಮಾತ್ರ ಅಲುಗಿದರೆ ಚಕ್ರದ ಬೇರಿಂಗ್ ನೋಡಬೇಕು. ಅದನ್ನು ಬಿಚ್ಚುವಾಗ ಎಡಬದಿಯ ಹಬ್ಬಿನ (ಚಕ್ರದ ನಡುಭಾಗದ) ನಟ್ಟಿನ ತಿರುಪು ಉಲ್ಟಾ ಎಂಬುದು ನೆನಪಿರಲಿ, ಮಾಮೂಲಿ ದಿಕ್ಕಿಗೆ ತಿರುಗಿಸಿದರೆ ಅದು ಇನ್ನಷ್ಟು ಬಿಗಿಯಾಗುತ್ತದೆ.

ಮುಂದಿನ ತಪಾಸಣೆ ಸಬ್‌ಫ್ರೇಮಿನದ್ದು. ಮಿನಿಯ ಹಿಂದಿನ ಸಬ್‌ಫ್ರೇಮ್ ತುಕ್ಕಿಗೆ ಹೆಸರುವಾಸಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವ ಬ್ರಿಟನ್ನಿನಲ್ಲಿ ಹೊರಗಿನಿಂದ ಕಪ್ಪು ಬಣ್ಣ ಬಳಿದುಕೊಂಡು ಚೆನ್ನಾಗಿ ಕಾಣುವ ಸಬ್‌ಫ್ರೇಮು ಒಳಗಿನಿಂದ ಪದರ ಪದರವಾಗಿ ಉದುರಿರುತ್ತದೆ. ದಪ್ಪ ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋದರೆ ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ಸತ್ತ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಬ್ರ್ಯಾಕೆಟ್ ಕೂರುವ ಜಾಗದಲ್ಲಿ ಇಂಥ ಸದ್ದು ಬಂದರೆ ಅಲೈನ್‌ಮೆಂಟ್ ಮಾತನ್ನು ಅಲ್ಲಿಗೇ ನಿಲ್ಲಿಸಿ ಹೊಸ ಸಬ್‌ಫ್ರೇಮಿಗೆ ಹಣ ಹೊಂದಿಸಬೇಕು. ಸಬ್‌ಫ್ರೇಮನ್ನು ದೇಹಕ್ಕೆ ಹಿಡಿದಿರುವ ನಾಲ್ಕು ರಬ್ಬರ್ ಮೌಂಟುಗಳೂ ಮುಖ್ಯ. ಅವು ಬಿರುಕು ಬಿಟ್ಟಿದ್ದರೆ ಇಡೀ ಸಬ್‌ಫ್ರೇಮ್ ಓರೆಯಾಗಿ ಕೂತು, ಎರಡು ಚಕ್ರಗಳೂ ಒಂದೇ ದಿಕ್ಕಿಗೆ ನೋಡುತ್ತಿರುತ್ತವೆ.

ಇನ್ನೊಂದು ಎಚ್ಚರಿಕೆ ಹೈಡ್ರೊಲಾಸ್ಟಿಕ್ ಕಾರುಗಳಿಗೆ ಸಂಬಂಧಿಸಿದ್ದು. 1964ರಿಂದ ಕೆಲವು ವರ್ಷ ಬಂದ ಮಿನಿಗಳಲ್ಲಿ ರಬ್ಬರ್ ಸ್ಪ್ರಿಂಗಿನ ಬದಲು ಒತ್ತಡದ ದ್ರವ ತುಂಬಿದ ಘಟಕಗಳಿದ್ದು, ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಕೊಳವೆಯೊಂದು ಜೋಡಿಸುತ್ತದೆ. ಅದಕ್ಕೆಂದೇ ಇರುವ ಪಂಪಿನಿಂದ ಒತ್ತಡ ಇಳಿಸದೆ ಅಂಥ ಕಾರಿನ ಆರ್ಮನ್ನು ಕಳಚಬಾರದು. ಮುಂದಿನ ವಿವರಣೆಯೆಲ್ಲ ರಬ್ಬರ್ ಸ್ಪ್ರಿಂಗಿನ ಕಾರುಗಳಿಗೆ ಮಾತ್ರ.

ಇದ್ದ ಸ್ಥಿತಿಯನ್ನು ಅಳೆಯುವುದು

ಏನನ್ನೂ ಬಿಚ್ಚುವ ಮೊದಲು ಈಗಿನ ಅಳತೆ ಬರೆದಿಟ್ಟುಕೊಳ್ಳಬೇಕು. ಇದಕ್ಕೆ ಲೇಸರ್ ಯಂತ್ರ ಬೇಕಿಲ್ಲ. ನಾನು ಮೊದಲು ಹೋದ ಅಲೈನ್‌ಮೆಂಟ್ ಅಂಗಡಿಯಲ್ಲಿ ಚೆಂದದ ಬಣ್ಣದ ಚೀಟಿಯೊಂದನ್ನು ಕೊಟ್ಟರು. ಹಿಂದಿನ ಚಕ್ರಗಳ ಅಂಕಿಗಳೆಲ್ಲ ಕೆಂಪಾಗಿದ್ದವು, ಅದರ ಕೆಳಗೆ ‘ಹೊಂದಿಸಲು ಬರುವುದಿಲ್ಲ’ ಎಂಬ ಷರಾ ಇತ್ತು. ದಾರ, ಟೇಪು ಮತ್ತು ತಾಳ್ಮೆ ಇದ್ದರೆ ಅದೇ ಅಂಕಿಗಳನ್ನು ಮನೆಯಲ್ಲೇ ತೆಗೆಯಬಹುದು.

ಕಾರು ಸಮತಟ್ಟಾದ ನೆಲದ ಮೇಲೆ ಇರಬೇಕು. ಟೈರುಗಳ ಗಾಳಿ ಸರಿಯಾಗಿರಬೇಕು, ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಇರಬೇಕು, ಚಾಲಕರ ಸೀಟಿನ ಮೇಲೆ ನಿಮ್ಮ ತೂಕಕ್ಕೆ ಸಮನಾದ ಮರಳಿನ ಚೀಲ ಇಟ್ಟರೆ ಇನ್ನೂ ಒಳ್ಳೆಯದು. ಕಾರನ್ನು ಎರಡು ಮೂರು ಮೀಟರ್ ಹಿಂದಕ್ಕೂ ಮುಂದಕ್ಕೂ ತಳ್ಳಿ, ಹಿಂಭಾಗವನ್ನು ಕೈಯಿಂದ ಒತ್ತಿ ಬಿಟ್ಟು ಸಸ್ಪೆನ್ಷನ್ ತನ್ನ ಸಹಜ ಮಟ್ಟಕ್ಕೆ ಬರುವಂತೆ ಮಾಡಬೇಕು. ಮೊದಲು ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಕಡೆ ಬರೆದುಕೊಳ್ಳಿರಿ. ರಬ್ಬರ್ ಸ್ಪ್ರಿಂಗುಗಳು ವರ್ಷಗಳಿಂದ ಕುಗ್ಗುತ್ತಾ ಬಂದು ಒಂದು ಬದಿ ತಗ್ಗಿರುವುದು ಸಾಮಾನ್ಯ.

ಈಗ ದಾರ. ಕಾರಿನ ಎರಡೂ ಬದಿಯಲ್ಲಿ, ಹಬ್ಬಿನ ಮಧ್ಯದ ಎತ್ತರದಲ್ಲಿ, ಕಾರಿನ ಉದ್ದಕ್ಕಿಂತ ತುಸು ಹೆಚ್ಚಾಗಿ ದಾರ ಬಿಗಿಯಬೇಕು. ನಾಲ್ಕು ಸ್ಟ್ಯಾಂಡುಗಳಿಗೆ ಮೀನುಗಾರಿಕೆಯ ನೈಲಾನ್ ದಾರ ಕಟ್ಟಿದರೆ ಜೋತು ಬೀಳುವುದಿಲ್ಲ. ಮುಂದಿನ ಎಡ ಮತ್ತು ಬಲ ಹಬ್ಬುಗಳಿಂದ ದಾರಕ್ಕೆ ಇರುವ ಅಂತರ ಸಮವಿರಬೇಕು, ಹಾಗೆಯೇ ಹಿಂದಿನ ಎಡ ಬಲಗಳೂ ಸಮವಿರಬೇಕು, ಎರಡು ದಾರಗಳ ನಡುವಿನ ಅಗಲ ಮುಂದೆಯೂ ಹಿಂದೆಯೂ ಒಂದೇ ಇರಬೇಕು. ಇಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಮಿನಿಯಲ್ಲಿ ಮುಂದಿನ ಚಕ್ರಗಳ ನಡುವಿನ ಅಗಲ ಹಿಂದಿನದಕ್ಕಿಂತ ಹೆಚ್ಚು. 10 ಇಂಚಿನ ಚಕ್ರದ ಕಾರುಗಳಲ್ಲಿ ಆ ವ್ಯತ್ಯಾಸ ಸುಮಾರು 40 ಮಿ.ಮೀ. ಇರುತ್ತದೆ. ಆದ್ದರಿಂದ ದಾರ ಸರಿಯಾಗಿ ಸಮಾನಾಂತರವಾಗಿದ್ದಾಗ ಹಿಂದಿನ ಹಬ್ಬಿನ ಅಂತರ ಮುಂದಿನದಕ್ಕಿಂತ ಪ್ರತಿ ಬದಿಗೂ ಸುಮಾರು 20 ಮಿ.ಮೀ. ಹೆಚ್ಚೇ ಬರುತ್ತದೆ. ಅದನ್ನು ತಪ್ಪೆಂದು ತಿಳಿದು ದಾರವನ್ನು ಸರಿಸಿದರೆ ಎರಡೂ ಹಿಂದಿನ ಚಕ್ರಗಳ ಟೋ ತಪ್ಪಾಗಿ ಓದಿಕೊಳ್ಳುತ್ತದೆ.

ದಾರ ನಿಂತ ಮೇಲೆ ಹಿಂದಿನ ಪ್ರತಿ ಚಕ್ರದ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ದಾರದಿಂದ ಇರುವ ಅಂತರವನ್ನು ಅರ್ಧ ಮಿ.ಮೀ. ಲೆಕ್ಕದಲ್ಲಿ ಅಳೆಯಬೇಕು. ಮುಂದಿನ ಅಂತರ ಹೆಚ್ಚಿದ್ದರೆ ಟೋ-ಇನ್, ಕಡಿಮೆ ಇದ್ದರೆ ಟೋ-ಔಟ್. ರಿಮ್ಮೇ ಸೊಟ್ಟಗಿರಬಹುದಾದ್ದರಿಂದ ಕಾರನ್ನು ಚಕ್ರ ಅರ್ಧ ಸುತ್ತು ತಿರುಗುವಷ್ಟು ತಳ್ಳಿ, ದಾರವನ್ನು ಮತ್ತೆ ಸರಿಪಡಿಸಿಕೊಂಡು, ಮತ್ತೊಮ್ಮೆ ಅಳೆದು ಸರಾಸರಿ ತೆಗೆದುಕೊಳ್ಳಬೇಕು. ಕ್ಯಾಂಬರಿಗೆ ಡಿಜಿಟಲ್ ಕೋನಮಾಪಕ ಸಾಕು. ಅದಿಲ್ಲದಿದ್ದರೆ ಗಾರೆ ಕೆಲಸದವರ ತೂಗುಗುಂಡನ್ನು ಚಕ್ರದ ಮುಂದೆ ಇಳಿಬಿಟ್ಟು ರಿಮ್ಮಿನ ಮೇಲಂಚು ಮತ್ತು ಕೆಳಂಚಿನ ಅಂತರ ಅಳೆಯಬಹುದು. 254 ಮಿ.ಮೀ. ಎತ್ತರದಲ್ಲಿ 4.4 ಮಿ.ಮೀ. ವ್ಯತ್ಯಾಸ ಬಂದರೆ ಅದು 1 ಡಿಗ್ರಿ.

ಟೋ ಅಳತೆಯನ್ನು ಮಿ.ಮೀ.ಗಳಲ್ಲಿ ಹೇಳುವಾಗ ಚಕ್ರದ ಗಾತ್ರ ಮರೆಯಬಾರದು. ಪ್ರತಿ ಚಕ್ರಕ್ಕೆ 1.6 ಮಿ.ಮೀ. ಎಂಬುದು 10 ಇಂಚಿನ ವ್ಯಾಸದಲ್ಲಿ ಸುಮಾರು 0.36 ಡಿಗ್ರಿ, 13 ಇಂಚಿನ ವ್ಯಾಸದಲ್ಲಿ 0.28 ಡಿಗ್ರಿ ಮಾತ್ರ. ದೊಡ್ಡ ಚಕ್ರ ಹಾಕಿಸಿಕೊಂಡ ಕಾರಿನಲ್ಲಿ ಹಳೆಯ ಕೈಪಿಡಿಯ ಇಂಚಿನ ಲೆಕ್ಕವನ್ನೇ ಹಿಡಿದರೆ ಉದ್ದೇಶಿಸಿದ್ದಕ್ಕಿಂತ ಕಡಿಮೆ ಟೋ ಸಿಗುತ್ತದೆ.

ನನ್ನ ಕಾರಿನಲ್ಲಿ ಬಂದ ಅಂಕಿಗಳು ಹೀಗಿದ್ದವು: ಎಡಗಡೆ 1.8 ಡಿಗ್ರಿ ನೆಗೆಟಿವ್ ಕ್ಯಾಂಬರ್ ಮತ್ತು 1 ಮಿ.ಮೀ. ಟೋ-ಔಟ್, ಬಲಗಡೆ 0.2 ಡಿಗ್ರಿ ಪಾಸಿಟಿವ್ ಕ್ಯಾಂಬರ್ ಮತ್ತು 2 ಮಿ.ಮೀ. ಟೋ-ಇನ್. ಒಟ್ಟು ಲೆಕ್ಕ ಹಾಕಿದರೆ 1 ಮಿ.ಮೀ. ಟೋ-ಇನ್ ಇದೆ, ಪರವಾಗಿಲ್ಲ ಎನಿಸಬಹುದು. ಆದರೆ ಎರಡೂ ಚಕ್ರಗಳು ಎಡಕ್ಕೆ ನೋಡುತ್ತಿದ್ದವು, ಕಾರು ಏಡಿಯ ಹಾಗೆ ಓರೆಯಾಗಿ ಓಡುತ್ತಿತ್ತು, ನೇರ ರಸ್ತೆಯಲ್ಲೂ ಸ್ಟೀರಿಂಗ್ ಚಕ್ರ ಸ್ವಲ್ಪ ತಿರುಗಿಯೇ ಇರುತ್ತಿತ್ತು. ಹಿಂದಿನ ಚಕ್ರಗಳ ಟೋ ಮೊತ್ತವನ್ನು ಮಾತ್ರ ನೋಡಬಾರದು ಎನ್ನುವುದು ಇದಕ್ಕೇ.

ಏನು ಕೊಳ್ಳಬೇಕು, ಏನು ಬೇಡ

ಮೊದಲ ಖರ್ಚು ರೇಡಿಯಸ್ ಆರ್ಮ್ ದುರಸ್ತಿ ಕಿಟ್: ಹೊಸ ಶಾಫ್ಟ್, ಸೂಜಿ ಬೇರಿಂಗ್, ಕಂಚಿನ ಬುಷ್, ಥ್ರಸ್ಟ್ ವಾಷರುಗಳು, ಸೀಲು. ಇದರಲ್ಲಿ ಕಂಚಿನ ಬುಷ್ ಒತ್ತಿ ಕೂರಿಸಿದ ಮೇಲೆ ಶಾಫ್ಟಿನ ಅಳತೆಗೆ, ಇನ್ನೊಂದು ತುದಿಯ ಬೇರಿಂಗಿಗೆ ನೇರವಾಗಿ ಬರುವಂತೆ ರೀಮ್ ಮಾಡಬೇಕು, ಅಂದರೆ ಒಳರಂಧ್ರವನ್ನು ನಿಖರ ಅಳತೆಗೆ ಹೆರೆಯಬೇಕು. ಅದಕ್ಕೆ ಬೇಕಾದ ಉದ್ದನೆಯ ರೀಮರ್ ಮನೆಯಲ್ಲಿ ಇರುವಂಥದ್ದಲ್ಲ. ಡ್ರಿಲ್ಲಿಗೆ ಮರಳುಕಾಗದ ಸುತ್ತಿ ಉಜ್ಜಿ ಸರಿಮಾಡಿಕೊಂಡವರನ್ನು ನೋಡಿದ್ದೇನೆ. ಅವರ ಕಾರುಗಳಲ್ಲಿ ಹೊಸ ಕಿಟ್ ಹಾಕಿದ ದಿನದಿಂದಲೇ ಪ್ಲೇ ಇತ್ತು. ಆರ್ಮನ್ನು ಕಳಚಿ ಇಂಜಿನಿಯರಿಂಗ್ ಕಾರ್ಯಾಗಾರಕ್ಕೆ ಕೊಡುವುದು, ಇಲ್ಲವೇ ದುರಸ್ತಿಗೊಂಡ ಆರ್ಮುಗಳನ್ನು ಹಳೆಯದಕ್ಕೆ ವಿನಿಮಯವಾಗಿ ಕೊಳ್ಳುವುದು ಜಾಣತನ.

ಎರಡನೆಯದು ಬ್ರ್ಯಾಕೆಟ್. ಮಾರುಕಟ್ಟೆಯಲ್ಲಿ ಎರಡು ಬಗೆಯವು ಸಿಗುತ್ತವೆ. ಒಂದು ಬಗೆಯಲ್ಲಿ ಶಾಫ್ಟಿನ ರಂಧ್ರವನ್ನು ಮೂಲ ಜಾಗಕ್ಕಿಂತ ಮೇಲೆ ಕೊರೆದು ನಿಗದಿತ ನೆಗೆಟಿವ್ ಕ್ಯಾಂಬರ್ ಕೊಡುತ್ತಾರೆ. ಇನ್ನೊಂದರಲ್ಲಿ ಶಾಫ್ಟು ಮೇಲೆ ಕೆಳಗೆ, ಕೆಲವದರಲ್ಲಿ ಹಿಂದೆ ಮುಂದೆಯೂ ಸರಿಯುವ ವ್ಯವಸ್ಥೆ ಇರುತ್ತದೆ. ನಿಗದಿತ ಬಗೆ ಅಗ್ಗ, ಆದರೆ ಹಳೆಯ ಕಾರಿನ ಎಡ ಬಲ ಬದಿಗಳು ಒಂದೇ ಅಳತೆಗೆ ಇರುವುದು ಅಪರೂಪವಾದ್ದರಿಂದ ಎರಡಕ್ಕೂ ಒಂದೇ ತಿದ್ದುಪಡಿ ಕೊಡುವ ಬ್ರ್ಯಾಕೆಟ್ಟಿನಿಂದ ಹೆಚ್ಚು ಪ್ರಯೋಜನವಿಲ್ಲ. ಸರಿಯುವ ಬಗೆಯಲ್ಲೂ ನುಣುಪಾದ ಸೀಳಿನಲ್ಲಿ ಬೋಲ್ಟಿನ ಬಿಗಿತವೊಂದನ್ನೇ ನಂಬುವ ಬ್ರ್ಯಾಕೆಟ್ಟಿಗಿಂತ ಹಲ್ಲು ಕಚ್ಚುವ ಅಥವಾ ಸ್ಕ್ರೂ ತಡೆ ಇರುವ ಬ್ರ್ಯಾಕೆಟ್ ಮೇಲು. ಹಳ್ಳಕ್ಕೆ ಬಿದ್ದ ಒಂದೇ ಪೆಟ್ಟಿಗೆ ನುಣುಪಾದದ್ದು ಸರಿದುಬಿಡುತ್ತದೆ. ಟೋ ಹೊಂದಿಸುವ ವ್ಯವಸ್ಥೆ ಇಲ್ಲದ ಬ್ರ್ಯಾಕೆಟ್ಟಾದರೆ ಸಬ್‌ಫ್ರೇಮಿಗೂ ಅದಕ್ಕೂ ನಡುವೆ ಇಡುವ ತೆಳು ಲೋಹದ ತುಂಡುಗಳಾದ ಶಿಮ್ಮುಗಳನ್ನೂ ಕೊಂಡಿರಬೇಕು.

ಸ್ಪ್ರಿಂಗಿನ ಎತ್ತರ ಎರಡು ಬದಿಗೂ ಬೇರೆಯಾಗಿದ್ದರೆ, ರಬ್ಬರ್ ಕೋನುಗಳು (ಆ ರಬ್ಬರ್ ಸ್ಪ್ರಿಂಗುಗಳೇ) ಹತ್ತಿಪ್ಪತ್ತು ವರ್ಷ ಹಳೆಯವಾಗಿದ್ದರೆ, ಅವುಗಳನ್ನೂ ಈಗಲೇ ಬದಲಾಯಿಸುವುದು ಲೇಸು. ಕೋನಿಗೂ ಆರ್ಮಿಗೂ ನಡುವೆ ನಿಲ್ಲುವ, ಟ್ರಂಪೆಟ್ ಎಂದು ಕರೆಯುವ ಅಲ್ಯೂಮಿನಿಯಂ ಕೊಳವೆಯ ಬದಲು ಉದ್ದ ಹೆಚ್ಚುಕಡಿಮೆ ಮಾಡಬಲ್ಲ ಹೈ-ಲೋ ಟ್ರಂಪೆಟ್ ಹಾಕಿದರೆ ಎತ್ತರವನ್ನು ಮುಂದೆಯೂ ತಿದ್ದಿಕೊಳ್ಳಬಹುದು. ರಬ್ಬರನ್ನು ಕಿತ್ತು ಉಕ್ಕಿನ ಸುರುಳಿ ಸ್ಪ್ರಿಂಗ್ ಹಾಕುವ ಕಿಟ್ಟುಗಳೂ ಇವೆ. ಸವಾರಿ ಮೆತ್ತಗಾಗುತ್ತದೆ, ನಿಜ. ಆದರೆ ತಿರುವಿನಲ್ಲಿ ಮಿನಿ ಮಿನಿಯಾಗಿ ಉಳಿಯುವುದಿಲ್ಲ ಎಂದು ನನಗೆ ಅನಿಸಿದ್ದರಿಂದ ನಾನು ಅತ್ತ ಹೋಗಲಿಲ್ಲ.

ಬಿಚ್ಚುವ ಕೆಲಸ

ಕೆಲಸಕ್ಕೆ ಮೂರು ದಿನ ಮೊದಲಿನಿಂದ ಬ್ರ್ಯಾಕೆಟ್ಟಿನ ಬೋಲ್ಟುಗಳು, ಶಾಫ್ಟಿನ ನಟ್ಟುಗಳು, ಶಾಕ್ ಅಬ್ಸಾರ್ಬರಿನ ಕೆಳಗಿನ ನಟ್ಟು ಮತ್ತು ಬ್ರೇಕ್ ಪೈಪಿನ ನಟ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸುತ್ತಿರಬೇಕು. ಈ ಕಾರಿನಲ್ಲಿ ಇಂಚಿನ ಅಳತೆಯ ನಟ್ಟುಬೋಲ್ಟುಗಳಿರುವುದರಿಂದ ಮಿಲಿಮೀಟರಿನ ಪಾನಾ ಹತ್ತಿರತ್ತಿರ ಕೂತಂತೆ ಕಂಡರೂ ಮೂಲೆಗಳನ್ನು ಸವೆಸಿ ಹಾಳುಮಾಡುತ್ತದೆ.

ಚಕ್ರ ತೆಗೆದು, ಆರ್ಮಿನ ಕೆಳಗೆ ಎರಡನೆಯ ಜಾಕ್ ಇಟ್ಟು ಸ್ವಲ್ಪ ಮೇಲೆತ್ತಿ, ಶಾಕ್ ಅಬ್ಸಾರ್ಬರಿನ ಕೆಳತುದಿಯನ್ನು ಆರ್ಮಿನಿಂದ ಬಿಡಿಸಬೇಕು. ಮೇಲ್ತುದಿಯನ್ನು ಬಿಚ್ಚಬೇಕೆಂದು ಕೆಲವರು ಆರಂಭಿಸುತ್ತಾರೆ. ಸಲೂನ್ ಕಾರುಗಳಲ್ಲಿ ಎಡಬದಿಯ ಮೇಲ್ತುದಿ ಡಿಕ್ಕಿಯೊಳಗೆ ಪೆಟ್ರೋಲ್ ಟ್ಯಾಂಕಿನ ಮರೆಯಲ್ಲಿರುವುದರಿಂದ ಟ್ಯಾಂಕನ್ನೇ ಸರಿಸಬೇಕಾಗುತ್ತದೆ. ಅಬ್ಸಾರ್ಬರ್ ಬದಲಾಯಿಸದಿದ್ದರೆ ಆ ತೊಂದರೆ ಬೇಡ. ಕೆಳತುದಿ ಬಿಟ್ಟ ಮೇಲೆ ಜಾಕನ್ನು ನಿಧಾನವಾಗಿ ಇಳಿಸಿದರೆ ಆರ್ಮು ಕೆಳಗೆ ಜೋತು ಬಿದ್ದು ಟ್ರಂಪೆಟ್ ಮತ್ತು ಅದರ ತುದಿಯ ಗುಂಡು, ಅಂದರೆ ನಕಲ್ ಜಾಯಿಂಟ್, ಹೊರಬರುತ್ತವೆ. ಮುಂಭಾಗದಂತೆ ಇಲ್ಲಿ ರಬ್ಬರನ್ನು ಒತ್ತಿಹಿಡಿಯುವ ವಿಶೇಷ ಸಾಧನ ಬೇಕಾಗುವುದಿಲ್ಲ. ಗುಂಡಿನ ಪ್ಲಾಸ್ಟಿಕ್ ಬಟ್ಟಲು ಒಡೆದಿದ್ದರೆ ಹೊಸದನ್ನೇ ಹಾಕಬೇಕು.

ಬ್ರ್ಯಾಕೆಟ್ ಮಾತ್ರ ಬದಲಾಯಿಸುವುದಾದರೆ ಇಲ್ಲಿಂದ ಮುಂದೆ ಕೆಲಸ ಕಡಿಮೆ: ಆರ್ಮಿಗೆ ಆಸರೆ ಕೊಟ್ಟು, ಶಾಫ್ಟಿನ ಹೊರನಟ್ಟನ್ನೂ ಬ್ರ್ಯಾಕೆಟ್ಟಿನ ಬೋಲ್ಟುಗಳನ್ನೂ ತೆಗೆದು ಹಳೆಯದನ್ನು ಹೊರಕ್ಕೆಳೆಯುವುದು. ಆರ್ಮನ್ನೂ ಕಳಚುವುದಾದರೆ ಬ್ರೇಕಿನ ರಬ್ಬರ್ ಹೋಸನ್ನು ಬಿಡಿಸಿ ತುದಿಗಳನ್ನು ಮುಚ್ಚಬೇಕು, ಹ್ಯಾಂಡ್‌ಬ್ರೇಕ್ ಕೇಬಲ್ ಬಿಡಿಸಬೇಕು, ಆಮೇಲೆ ಶಾಫ್ಟಿನ ಒಳನಟ್ಟನ್ನೂ ತೆಗೆದು ಆರ್ಮು, ಶಾಫ್ಟು, ಬ್ರ್ಯಾಕೆಟ್ ಮೂರನ್ನೂ ಒಟ್ಟಿಗೆ ಇಳಿಸಿಕೊಳ್ಳಬೇಕು. ಸೀಲು ಮತ್ತು ಥ್ರಸ್ಟ್ ವಾಷರುಗಳು ಯಾವ ಅನುಕ್ರಮದಲ್ಲಿ, ಯಾವ ಮುಖ ಒಳಗಾಗಿ ಬಂದವು ಎಂಬುದನ್ನು ಬಿಚ್ಚುವಾಗಲೇ ಫೋಟೊ ತೆಗೆದಿಟ್ಟುಕೊಳ್ಳಿರಿ.

ನನ್ನ ಎಡ ಆರ್ಮಿನಿಂದ ಶಾಫ್ಟನ್ನು ಸುತ್ತಿಗೆಯಿಂದ ತಟ್ಟಿ ಹೊರತೆಗೆದಾಗ ಗ್ರೀಸ್ ಎನ್ನಬಹುದಾದದ್ದು ಏನೂ ಇರಲಿಲ್ಲ, ಕೆಂಪು ಹಿಟ್ಟಿನಂಥ ತುಕ್ಕು ಉದುರಿತು. ಶಾಫ್ಟನ್ನು ಒರೆಸಿ ನೋಡಿದರೆ ಬೇರಿಂಗ್ ಕೂರುವ ಕಡೆ, ಭಾರ ಬೀಳುವ ಬದಿಯಲ್ಲಿ ಮಾತ್ರ, ಸೂಜಿ ರೋಲರುಗಳು ಒಂದರ ಪಕ್ಕ ಒಂದು ಕೊರೆದ ಉದ್ದ ಗೀರುಗಳು ಬಟ್ಟೆ ಒಗೆಯುವ ಕಲ್ಲಿನ ಗೆರೆಗಳಂತೆ ಉಗುರಿಗೆ ಸಿಗುತ್ತಿದ್ದವು. ಶಾಫ್ಟಿನ ಇನ್ನೊಂದು ಬದಿ ಹೊಸದರಂತೆ ಹೊಳೆಯುತ್ತಿತ್ತು. ಇದೇ ಕಾರಿಗೆ ಆರು ತಿಂಗಳ ಹಿಂದೆ ನಾನೇ ಅವಸರದಿಂದ ಅಡ್ಜಸ್ಟಬಲ್ ಬ್ರ್ಯಾಕೆಟ್ ಹಾಕಿ ಕ್ಯಾಂಬರನ್ನು ಅರ್ಧ ಡಿಗ್ರಿಗೆ ತಂದಿದ್ದೆ. ಸುಮಾರು ಸಾವಿರ ಕಿಲೋಮೀಟರ್ ಓಡಿದ ಮೇಲೆ ಅದು ಮತ್ತೆ 1.8ಕ್ಕೆ ಹೋದದ್ದು ಏಕೆಂದು ಆ ಗೀರುಗಳನ್ನು ನೋಡಿದ ಮೇಲೆ ಅರ್ಥವಾಯಿತು.

ಮರುಜೋಡಣೆ

ದುರಸ್ತಿಯಾದ ಆರ್ಮಿನೊಳಗೆ ಹೊಸ ಶಾಫ್ಟನ್ನು ಗ್ರೀಸ್ ಹಚ್ಚಿ ತೂರಿಸಿದಾಗ ಅದು ಕೈಬಲದಿಂದಲೇ ತಿರುಗಬೇಕು, ಆದರೆ ಮೇಲೆ ಕೆಳಗೆ ಒಂದಿಷ್ಟೂ ಅಲುಗಬಾರದು. ಬಿಗಿಯಾಗಿ ಹಿಡಿದರೆ ಬುಷ್ ರೀಮ್ ಮಾಡಿದ್ದು ನೇರಕ್ಕೆ ಬಂದಿಲ್ಲವೆಂದು ತಿಳಿದು ಹಿಂದಿರುಗಿಸಬೇಕು. ಸುತ್ತಿಗೆಯಿಂದ ಒಪ್ಪಿಸಲು ಹೋಗಬಾರದು. ಹೊಸ ಬ್ರ್ಯಾಕೆಟ್ ಕೂರುವ ಸಬ್‌ಫ್ರೇಮಿನ ಮುಖವನ್ನು ತಂತಿ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜಿ ತುಕ್ಕುನಿರೋಧಕ ಬಣ್ಣವನ್ನು ತೆಳುವಾಗಿ ಹಚ್ಚಬೇಕು. ದಪ್ಪ ಬಣ್ಣ ಅಥವಾ ಕಾರಿನ ತಳಕ್ಕೆ ಬಳಿಯುವ ಅಂಡರ್‌ಸೀಲಿನ ಪದರ ಉಳಿದರೆ ಅದೂ ಒಂದು ಶಿಮ್ಮಿನಂತೆ ಕೆಲಸ ಮಾಡಿ, ಕೆಲವು ವಾರಗಳಲ್ಲಿ ಹಿಂಡಿಹೋಗಿ ಬೋಲ್ಟುಗಳನ್ನು ಸಡಿಲಗೊಳಿಸುತ್ತದೆ.

ಬ್ರ್ಯಾಕೆಟ್ಟನ್ನು ಹೊಂದಾಣಿಕೆಯ ನಡುಮಧ್ಯದಲ್ಲಿಟ್ಟು ಬೋಲ್ಟುಗಳನ್ನು ಕೈಬಿಗಿತಕ್ಕೆ ತರಬೇಕು. ನಕಲ್ ಜಾಯಿಂಟಿನ ಬಟ್ಟಲಿಗೆ ಗ್ರೀಸ್ ತುಂಬಿ, ಧೂಳು ತಡೆಯುವ ರಬ್ಬರನ್ನು ಸರಿಯಾಗಿ ಕೂರಿಸಿ, ಟ್ರಂಪೆಟ್ ಕೋನಿನ ತೂತಿಗೆ ನೇರವಾಗಿ ಹೋಗುವಂತೆ ನೋಡುತ್ತಾ ಆರ್ಮನ್ನು ಜಾಕಿನಿಂದ ಏರಿಸಿ ಅಬ್ಸಾರ್ಬರ್ ಜೋಡಿಸಬೇಕು. ಹ್ಯಾಂಡ್‌ಬ್ರೇಕ್ ಕೇಬಲ್ ಆರ್ಮಿನ ಮೇಲೆ ಹಾದುಹೋಗುವಲ್ಲಿ ತಿರುಗುವ, ಚಕ್ರದ ಕಾಲುಭಾಗದ ಆಕಾರದ ಒಂದು ಚಿಕ್ಕ ತುಂಡಿದೆ. ಅದು ತುಕ್ಕು ಹಿಡಿದು ನಿಂತಿರುವುದೇ ಹೆಚ್ಚು. ಆರ್ಮು ಹೊರಗಿರುವಾಗಲೇ ಅದನ್ನು ಬಿಡಿಸಿ ಗ್ರೀಸ್ ಹಚ್ಚದಿದ್ದರೆ ಅಂಥ ಅವಕಾಶ ಮತ್ತೆ ಸಿಗುವುದಿಲ್ಲ. ಹೋಸ್ ಬಿಡಿಸಿದ್ದರೆ ಬ್ರೇಕಿನ ಗಾಳಿ ತೆಗೆಯಬೇಕು, ಮತ್ತು ಆರ್ಮು ಪೂರ್ತಿ ಮೇಲೆ ಹಾಗೂ ಪೂರ್ತಿ ಕೆಳಗೆ ಇರುವಾಗ ಹೋಸ್ ಎಲ್ಲಿಯೂ ತಿರುಚಿಕೊಳ್ಳದಂತೆ, ಉಜ್ಜದಂತೆ ನೋಡಬೇಕು.

ಕೊನೆಯಲ್ಲಿ ಗ್ರೀಸ್ ಗನ್. ಕಾರಿನ ಭಾರ ಚಕ್ರದ ಮೇಲೆ ಇಲ್ಲದಿರುವಾಗ ನಿಪ್ಪಲ್‌ಗೆ ಗ್ರೀಸ್ ಹೊಡೆದರೆ ಬೇರಿಂಗಿನ ಸುತ್ತಲೂ ಹರಡುತ್ತದೆ. ಎರಡೂ ತುದಿಗಳ ಸೀಲಿನಿಂದ ಹೊಸ ಗ್ರೀಸ್ ಇಣುಕುವವರೆಗೂ ಹೊಡೆಯಬೇಕು.

ಹೊಂದಿಸುವುದು

ಹೊಸ ಕೋನ್ ಹಾಕಿದ್ದರೆ ಅದು ಕುಗ್ಗಿ ತನ್ನ ಮಟ್ಟ ಕಂಡುಕೊಳ್ಳಲು ಕೆಲವು ನೂರು ಕಿಲೋಮೀಟರ್ ಬೇಕು. ಅಲ್ಲಿಯವರೆಗೆ ಒರಟು ಹೊಂದಾಣಿಕೆಯಲ್ಲಿ ಓಡಿಸಿ, ಆಮೇಲೆ ಹೈ-ಲೋ ಟ್ರಂಪೆಟ್ಟಿನಿಂದ ಎತ್ತರ ಸರಿಪಡಿಸಿ, ಅದರ ನಂತರವೇ ಕೋನಗಳಿಗೆ ಕೈಹಾಕಬೇಕು. ಅನುಕ್ರಮ ಹೀಗಿರಲಿ: ಎತ್ತರ, ಕ್ಯಾಂಬರ್, ಟೋ. ಕ್ಯಾಂಬರಿಗಾಗಿ ಬ್ರ್ಯಾಕೆಟ್ಟನ್ನು ಎತ್ತಿಳಿಸುವಾಗ ಟೋ ಕೊಂಚವಾದರೂ ಬದಲಾಗುವುದರಿಂದ ಟೋ ಯಾವಾಗಲೂ ಕೊನೆಗೆ.

ಎಷ್ಟು ಸರಿಸಬೇಕೆಂಬುದನ್ನು ಅಂದಾಜಿಗೆ ಬಿಡದೆ ಲೆಕ್ಕ ಹಾಕಬಹುದು. ಶಾಫ್ಟು ಒಳಗೆ ಸಬ್‌ಫ್ರೇಮಿನಲ್ಲಿ ಕೂರುವ ಜಾಗದಿಂದ ಹೊರಗಿನ ಬ್ರ್ಯಾಕೆಟ್ಟಿನವರೆಗಿನ ದೂರವನ್ನು ಅಳೆದು, ಅದನ್ನು 0.0175ರಿಂದ ಗುಣಿಸಿದರೆ 1 ಡಿಗ್ರಿಗೆ ಹೊರತುದಿ ಎಷ್ಟು ಮಿ.ಮೀ. ಸರಿಯಬೇಕೆಂಬುದು ಬರುತ್ತದೆ. ಆ ದೂರ 200 ಮಿ.ಮೀ. ಎಂದಿಟ್ಟುಕೊಂಡರೆ 1 ಡಿಗ್ರಿಗೆ 3.5 ಮಿ.ಮೀ., ಟೋದಲ್ಲಿ 0.1 ಡಿಗ್ರಿ ತಿದ್ದಲು 0.35 ಮಿ.ಮೀ. ಮಾತ್ರ. ಒಂದು ತೆಳು ಶಿಮ್ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಕಾರಿನ ಪೂರ್ತಿ ಭಾರ ಚಕ್ರದ ಮೇಲಿರುವಾಗ ಬ್ರ್ಯಾಕೆಟ್ ಸಡಿಲಿಸಿದರೆ ಶಾಫ್ಟು ತಾನಾಗಿ ಮೇಲಕ್ಕೆ ಜಿಗಿಯುತ್ತದೆ. ಆದ್ದರಿಂದ ಪ್ರತಿ ಸಲವೂ ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲಿಟ್ಟು, ತಿದ್ದಿ, ಬೋಲ್ಟುಗಳನ್ನು ಬಿಗಿದು, ಇಳಿಸಿ, ಹಿಂದೆ ಮುಂದೆ ತಳ್ಳಿ, ಮತ್ತೆ ಅಳೆಯಬೇಕು. ಬೇಸರದ ಕೆಲಸ. ನನಗೆ ಎಡಬದಿಗೆ ಐದು ಸಲ, ಬಲಬದಿಗೆ ಮೂರು ಸಲ ಹಿಡಿಯಿತು. ಪ್ರತಿ ಸಲದ ಅಂಕಿಗಳನ್ನು ಪುಸ್ತಕದಲ್ಲಿ ಬರೆಯುತ್ತಾ ಹೋದರೆ ಮೂರನೆಯ ಸಲದ ಹೊತ್ತಿಗೆ ಯಾವ ಬೋಲ್ಟಿಗೆ ಎಷ್ಟು ಎಂಬ ಅಂದಾಜು ಕೈಗೆ ಬರುತ್ತದೆ.

ಗುರಿ ಇದು: ಎರಡೂ ಬದಿಯ ಕ್ಯಾಂಬರ್ ಒಂದಕ್ಕೊಂದು ಕಾಲು ಡಿಗ್ರಿಯೊಳಗೆ, ಎರಡೂ ಬದಿಯ ಟೋ ದಾರದ ಲೆಕ್ಕದಲ್ಲಿ ತಲಾ 1.6 ಮಿ.ಮೀ. ಒಳಕ್ಕೆ. ಸ್ಪರ್ಧೆಗಾಗಿ ಕಾರು ಕಟ್ಟುವವರು ಹಿಂದೆ 1 ಡಿಗ್ರಿ ನೆಗೆಟಿವ್‌ವರೆಗೂ ಹೋಗುತ್ತಾರೆ. ಆದರೆ ಮುಂದಿನ ಚಕ್ರಗಳಿಗಿಂತ ಹಿಂದಿನವಕ್ಕೆ ಹೆಚ್ಚು ನೆಗೆಟಿವ್ ಕೊಟ್ಟರೆ ಹಿಂಭಾಗದ ಹಿಡಿತ ಬೆಳೆದು ಕಾರಿನ ಮೂತಿ ತಿರುವಿನಲ್ಲಿ ಹೊರಕ್ಕೆ ಜಾರುತ್ತದೆ. ಟೋದ ವಿಷಯದಲ್ಲಿ ರಾಜಿಯಿಲ್ಲ. ಹಿಂದೆ ಟೋ-ಔಟ್ ಇದ್ದರೆ, ತಿರುವಿನ ನಡುವೆ ಆಕ್ಸಿಲರೇಟರಿನಿಂದ ಕಾಲು ತೆಗೆದ ಕ್ಷಣ ಹಿಂಭಾಗ ತಾನೇ ಮುಂದೆ ಬರಲು ನೋಡುತ್ತದೆ. ಮುಂದಿನ ಹಿಂದಿನ ಚಕ್ರಗಳ ನಡುವೆ ಕೇವಲ 2,036 ಮಿ.ಮೀ. ದೂರವಿರುವ ಕಾರಿನಲ್ಲಿ ಅದನ್ನು ಸಂಭಾಳಿಸಲು ಸಮಯ ಸಿಗುವುದಿಲ್ಲ. ಮಳೆಯ ದಿನವಂತೂ ಹೇಳುವುದೇ ಬೇಡ.

ಹಿಂದಿನದು ಮುಗಿದ ಮೇಲೆಯೇ ಮುಂದಿನ ಚಕ್ರಗಳ ಟೋ ನೋಡಬೇಕು. ಕಾರು ಯಾವ ದಿಕ್ಕಿಗೆ ನೇರ ಓಡಬೇಕೆಂದು ನಿರ್ಧರಿಸುವುದು ಹಿಂದಿನ ಚಕ್ರಗಳಾದ್ದರಿಂದ ಮುಂದಿನದನ್ನು ಮೊದಲೇ ಹೊಂದಿಸಿದ್ದರೆ ಆ ಶ್ರಮ ವ್ಯರ್ಥವಾಗುತ್ತದೆ. ಕಾರ್ಖಾನೆಯ ಲೆಕ್ಕದಲ್ಲಿ ಮುಂದೆ ಬೇಕಾದದ್ದು 1/16 ಇಂಚು, ಅಂದರೆ 1.6 ಮಿ.ಮೀ. ಟೋ-ಔಟ್.

ರಸ್ತೆಗೆ ಇಳಿಸಿದ ಮೇಲೆ

ಬ್ರ್ಯಾಕೆಟ್ ಮತ್ತು ಶಾಫ್ಟಿನ ನಟ್ಟುಗಳನ್ನು ನಿಮ್ಮ ವರ್ಷದ ಕಾರಿನ ಕೈಪಿಡಿ ಹೇಳಿದಷ್ಟು ಟಾರ್ಕಿಗೆ, ಚಕ್ರದ ನಟ್ಟುಗಳನ್ನು ಸುಮಾರು 60 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಪ್ರತಿ ನಟ್ಟಿನಿಂದ ಬ್ರ್ಯಾಕೆಟ್ಟಿನ ಮೇಲೆ ಹಾಯುವಂತೆ ಬಿಳಿ ಬಣ್ಣದ ಒಂದು ಗೆರೆ ಎಳೆದಿಟ್ಟರೆ ಸರಿದದ್ದು ಕಣ್ಣಿಗೇ ಕಾಣುತ್ತದೆ. ಮೊದಲ ಓಟ ಖಾಲಿ ರಸ್ತೆಯಲ್ಲಿ, ನಿಧಾನವಾಗಿ ಇರಲಿ. ಸ್ಟೀರಿಂಗನ್ನು ನೇರ ಹಿಡಿದಾಗ ಕಾರು ಒಂದು ಬದಿಗೆ ಎಳೆಯುತ್ತಿದೆಯೇ, ಬ್ರೇಕ್ ಹಾಕಿದಾಗ ಹಿಂಭಾಗ ಅಲ್ಲಾಡುತ್ತದೆಯೇ ಎಂಬುದನ್ನು ಗಮನಿಸಬೇಕು. ಬ್ರಿಟನ್ನಿನಲ್ಲಿರುವವರು ಇಂಥ ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸಿಬಿಡುವುದು ಕ್ಷೇಮ.

ಸುಮಾರು 300 ಕಿಲೋಮೀಟರ್ ಆದ ಮೇಲೆ ಬಿಳಿ ಗೆರೆಗಳನ್ನು ನೋಡಿ, ಬೋಲ್ಟುಗಳ ಬಿಗಿತ ಪರೀಕ್ಷಿಸಿ, ದಾರ ಕಟ್ಟಿ ಇನ್ನೊಮ್ಮೆ ಅಳೆಯಬೇಕು. ಅಲ್ಲಿಂದ ಮುಂದೆ ಉಳಿಯುವುದು ಗ್ರೀಸಿನ ಕೆಲಸ. ನಾನು ಪ್ರತಿ 3,000 ಮೈಲಿಗೆ, ಅಂದರೆ ಸುಮಾರು 4,800 ಕಿಲೋಮೀಟರಿಗೆ ಒಮ್ಮೆ, ಮತ್ತು ಚಳಿಗಾಲದ ಉಪ್ಪು ತೊಳೆದ ಮೇಲೆ ತಪ್ಪದೆ ಒಮ್ಮೆ, ಹಿಂಭಾಗ ಎತ್ತಿ ನಿಪ್ಪಲ್‌ಗೆ ಗ್ರೀಸ್ ಹೊಡೆಯುತ್ತೇನೆ. ಗ್ರೀಸ್ ಒಳಹೋಗದೆ ಗನ್ನಿನ ಬಾಯಿಯಿಂದಲೇ ಹೊರಚಿಮ್ಮಿದರೆ ನಿಪ್ಪಲ್ ಕಟ್ಟಿಕೊಂಡಿದೆ ಎಂದರ್ಥ. ಕೆಲವೇ ಪೆನ್ಸಿನ ಆ ನಿಪ್ಪಲ್ಲನ್ನು ಅಂದೇ ಬದಲಾಯಿಸಬೇಕು.